ಬೂದು ಕುದುರೆಯ ಹರಾಜು

ಆಟಗಾರರು ತಮ್ಮತಮ್ಮಲ್ಲೇ ಕತ್ತಿ, ಕುದುರೆ ಅದಲುಬದಲು ಮಾಡಿಕೊಳ್ಳುವ ಆನ್‌ಲೈನ್ ಆಟ ಅದು. ಅದಕ್ಕೆ ಹರಾಜನ್ನೂ ಸೇರಿಸೋಣವೆಂದು ಅವಳು ಮೀಟಿಂಗಿನಲ್ಲಿ ಬಾಸ್‌ಗೆ ತೋರಿಸುತ್ತಿದ್ದಳು. ಮಾದರಿಗೆಂದು ತನ್ನದೇ ಬೂದು ಕುದುರೆಯನ್ನು ಹರಾಜಿಗಿಟ್ಟಳು. "ಹಾಳು ಆಟ" ಎಂದು ಅಮ್ಮ ಎಷ್ಟು ಬೈದರೂ ಬಿಡದೆ, ಅಪ್ಪ ಆಸ್ಪತ್ರೆಯ ಮಂಚದಲ್ಲೇ ಆಡಿ ಗೆದ್ದು, ಸಾಯುವ ಮುಂಚಿನ ವಾರ ಅವಳಿಗೆ ಕಳಿಸಿದ್ದ ಕುದುರೆ.

ಯಾರೋ ಐನೂರು ನಾಣ್ಯಕ್ಕೆ ಕೂಗಿದರು. ಬೆನ್ನಿಗೇ ಇನ್ಯಾರೋ ಎರಡು ಸಾವಿರಕ್ಕೆ.

"ಯಾರ್ರೀ ಕೂಗ್ತಿರೋದು? ಇದು ಟೆಸ್ಟ್ ಸರ್ವರ್ ತಾನೆ?" ಎಂದರು ಬಾಸ್.

ಅವಳು ಪರದೆಯ ಮೂಲೆಯಲ್ಲಿದ್ದ ಸರ್ವರಿನ ಹೆಸರು ನೋಡಿದಳು. ಗಡಿಬಿಡಿಯಲ್ಲಿ ಹರಾಜನ್ನು ತೆರೆದಿದ್ದು ಜನ ಆಡುವ ಸರ್ವರಿನಲ್ಲೇ!

"ನಿಲ್ಸಿ ಮತ್ತೆ!"

"ಆಗಲ್ಲ ಸರ್. ಒಂದು ಕೂಗು ಬಂದ್ಮೇಲೆ ಮಾಲು ವಾಪಸ್ ಇಲ್ಲ ಅಂತ ನಾನೇ ರೂಲ್ ಹಾಕಿದ್ದೀನಿ."

"ನೀವೇ ಕೂಗಿ ಬಿಡಿಸ್ಕೊಳ್ಳಿ."

"ಮಾರೋರು ಕೂಗೋ ಹಾಗಿಲ್ಲ. ಅದೂ ನಂದೇ ರೂಲ್."

ಹತ್ತು ಸೆಕೆಂಡು ಉಳಿದಿತ್ತು. ಕೊನೇ ಗಳಿಗೆಯಲ್ಲಿ ಯಾರೋ ಒಮ್ಮೆಲೇ ತೊಂಬತ್ತು ಸಾವಿರಕ್ಕೆ ಕೂಗಿಬಿಟ್ಟರು. ಹರಾಜು ಮುಗಿಯಿತು. ಗೆದ್ದವರ ಹೆಸರು ಪರದೆಯ ಮೇಲೆ ಮೂಡಿತು. ವರ್ಷದ ಹಿಂದೆ ತೀರಿಕೊಂಡ ಅಪ್ಪ ಆಟದಲ್ಲಿ ಇಟ್ಟುಕೊಂಡಿದ್ದ ಹೆಸರು.

ಅವಳು ಆ ಹೆಸರನ್ನು ಮತ್ತೊಮ್ಮೆ ಓದಿದಳು. ಅಷ್ಟರಲ್ಲಿ ಫೋನ್ ಬಂತು, ಅಮ್ಮನದು.

"ಏನೇ, ಅಪ್ಪ ಕೊಟ್ಟ ಕುದುರೇನ ಹರಾಜಿಗಿಟ್ಟಿದ್ದೀಯಲ್ಲ, ಬುದ್ಧಿ ನೆಟ್ಟಗಿದೆಯಾ ನಿಂಗೆ? ನಾನು ವರ್ಷವಿಡೀ ಆಡಿ ಕೂಡಿಟ್ಟಿದ್ದೆಲ್ಲ ಹೋಯ್ತು ನೋಡು!"