ಕೂದಲಿನ ಬಣ್ಣ

"ಹೆಸರು ಹೇಳಿ, ಕೆತ್ತೋಕೆ ಶುರು ಮಾಡ್ತೀನಿ," ಎಂದ ಕಲ್ಲುಕುಟಿಗ ಕೋಲೀನ್.

ಮುದುಕಿ ಬಾರ್ಬ್ರ ತಡಮಾಡಲಿಲ್ಲ. "ಕೀರಾನ್."

ಗಂಡ ಮಾರ್ಟೀನ್ ಥಟ್ಟನೆ ತಲೆ ಎತ್ತಿದ. ಹುಟ್ಟುವಾಗಲೇ ಉಸಿರಿಲ್ಲದಿದ್ದ ಅವರ ಗಂಡುಮಗುವಿಗೆ ಇಷ್ಟು ವರ್ಷ ಹೆಸರೇ ಇರಲಿಲ್ಲ. ದೀಕ್ಷಾಸ್ನಾನವಾಗದ ಕೂಸಿಗೆ ಚರ್ಚಿನ ಮಣ್ಣು ಸಲ್ಲದು ಎಂದಿದ್ದರು ಆಗಿನ ಪಾದ್ರಿ. ಐರ್ಲೆಂಡಿನ ಪಡುಗಡಲ ಅಂಚಿನಲ್ಲಿ ಅಂಥ ಕೂಸುಗಳಿಗೆಂದೇ ಬಿಟ್ಟಿದ್ದ ಈ ದಿಬ್ಬಕ್ಕೆ ಮಾರ್ಟೀನನೇ ಅದನ್ನು ಸೋಪಿನ ಪೆಟ್ಟಿಗೆಯಲ್ಲಿಟ್ಟು ಕಂಕುಳಲ್ಲಿ ಹೊತ್ತು ತಂದಿದ್ದ. ಈಗಿನ ಪಾದ್ರಿ ದಿಬ್ಬವನ್ನು ಹರಸಿ, ಹೆಸರಿಟ್ಟು ಕಲ್ಲು ನಿಲ್ಲಿಸಿ ಎಂದಿದ್ದರು.

"ನಮ್ಮ ಮನೇಲಿ ಯಾರಿಗೂ ಆ ಹೆಸರಿಲ್ವಲ್ಲೇ?"

"ಇಲ್ದಿದ್ರೆ ಏನಂತೆ? ಹಳೇ ಮಾತಲ್ಲಿ ಕೀರ್ ಅಂದ್ರೆ ಕಪ್ಪು. ಕೀರಾನ್ ಅಂದ್ರೆ ಪುಟ್ಟ ಕರಿಯ. ಸೂಲಗಿತ್ತಿ ಬಟ್ಟೇಲಿ ಸುತ್ತೋ ಮುಂಚೆ ಒಂದು ಗಳಿಗೆ ತಲೆ ಕಾಣಿಸ್ತು. ಒಲೆ ಮಸಿಯಂಥ ಕೂದಲು. ನಾನು ಕಂಡಿದ್ದು ಅಷ್ಟೇ."

ಕೋಲೀನ್ ಸೀಮೆಸುಣ್ಣದಲ್ಲಿ ಮೊದಲ ಅಕ್ಷರ ಗೀಚಿದ.

"ತಡಿಯಪ್ಪಾ," ಎಂದ ಮಾರ್ಟೀನ್. ಆಮೇಲೆ ಹೆಂಡತಿಯ ಕಡೆ ತಿರುಗಿದ. "ಕಪ್ಪಲ್ಲ ಕಣೇ. ಆಗ ಒದ್ದೆಯಾಗಿತ್ತು. ಒಣಗಿದ ಮೇಲೆ ಕೆಂಪು. ನಿಮ್ಮಪ್ಪನ ಹಾಗೇ, ಕೆಂಡ. ರೂವಾನ್ ಅನ್ಬೇಕು ಅವನ್ನ."

ರೂವಾನ್, ಪುಟ್ಟ ಕೆಂಚ. ದೋಣಿಯಲ್ಲಿ ಒಬ್ಬನೇ ಇದ್ದಾಗಲೆಲ್ಲ ಮಾರ್ಟೀನ್ ಮಗನನ್ನು ಕರೆಯುತ್ತಿದ್ದುದು ಹಾಗೆಯೇ. ಇನ್ನೊಬ್ಬರ ಕಿವಿಗೆ ಅದು ಬಿದ್ದದ್ದು ಇವತ್ತೇ.

"ಎರಡೂ ಸಂತರ ಹೆಸರೇ," ಎಂದು ಕೋಲೀನ್ ನಡುವೆ ಬಾಯಿ ಹಾಕಿದ. "ಒಂದೇ ಗುರುವಿನ ಹತ್ರ ಕಲಿತೋರು. ಯಾವುದನ್ನ ಕೆತ್ತಿದ್ರೂ..."

ಅವನ ಮಾತು ಯಾರಿಗೂ ಕೇಳಿಸಲಿಲ್ಲ.

"ಪೆಟ್ಟಿಗೆ ತೆಗೀಲೇ ಇಲ್ಲ ಅಂದಿದ್ದೆ ನೀನು," ಎಂದಳು ಬಾರ್ಬ್ರ.

"ದಾರೀಲಿ ಬಿಸಿಲು ಬಂತು. ಒಂದ್ಸಲ ಬಿಸಿಲು ತಾಗ್ಲಿ ಅಂತ ತೆಗೆದೆ. ಆಮೇಲೆ ಮುಚ್ಚೋಕೆ ಕೈ ಬರ್ಲಿಲ್ಲ."

"ನಂಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಇಲ್ಲಿಗೇ ಓಡಿಬಂದು ಮಣ್ಣು ಬಗೀತಿದ್ದೆ."

"ಬಗೀತಿದ್ದೆ," ಎಂದಳು ಅವಳು.

ಕೋಲೀನ್ ಅಂಗೈಯಿಂದ ಅಕ್ಷರವನ್ನು ಒರೆಸಿ, ಉಳಿ ಕೆಳಗಿಟ್ಟು, ಕಡಲಿನ ಕಡೆ ನಡೆದುಹೋದ.

ಬಾರ್ಬ್ರ ಕಲ್ಲಿನ ಪಕ್ಕ ಹುಲ್ಲಿನ ಮೇಲೆ ಕುಸಿದು ಕುಳಿತಳು. ಬೈಗುಳ ಬರುತ್ತದೆಂದು ಮಾರ್ಟೀನ್ ತಲೆ ತಗ್ಗಿಸಿ ಕಾದ. ಅವಳು ಅವನ ಕೋಟಿನ ತುದಿ ಹಿಡಿದು ಕೆಳಕ್ಕೆಳೆದಳು.

"ಕೂತ್ಕೋ. ಅವನ ಕಿವಿ ಹೆಂಗಿತ್ತು, ಹೇಳು."