ಉಳಿದ ನಲವತ್ತು ಹೆಜ್ಜೆ

ಕಡಲದಂಡೆಯ ಮರಳಿನ ಮೇಲೆ ಒಬ್ಬರಿಗೆ ಜನ್ಮಕ್ಕೆ ಸಾವಿರ ಹೆಜ್ಜೆ. ಸರ್ಕಾರ ತೊಡಿಸಿದ ಕಾಲುಕಡಗ ಅದನ್ನು ಎಣಿಸುತ್ತದೆ. ಮೀನುಗಾರ್ತಿ ಮಾಸ್ತಮ್ಮನಿಗೆ ಉಳಿದದ್ದು ನಲವತ್ತು. ಗಂಡನ ಬೂದಿಯ ಚೆಂಬು ಹಿಡಿದು ಬೆಳಗಿನಿಂದ, ದಂಡೆ ಕಾಯುವ ನನ್ನ ಗೇಟಿನ ಬಳಿ ಕೂತಿದ್ದಳು. ಉಬ್ಬರ ಬಂದರೆ ನೀರು ಹತ್ತಿರವಾಗುತ್ತದೆ; ಹೋಗಲು ಇಪ್ಪತ್ತು, ಬರಲು ಇಪ್ಪತ್ತು ಎಂಬುದು ಅವಳ ಲೆಕ್ಕ.

ಉಬ್ಬರ ಬಂದಾಗ ಮರಳಿಗಿಳಿದಳು. ಹನ್ನೆರಡನೇ ಹೆಜ್ಜೆಗೆ ಹಗ್ಗ ಅಡ್ಡ ಬಂತು. ಕಡಲಾಮೆ ಮೊಟ್ಟೆಯಿಟ್ಟ ಜಾಗಕ್ಕೆ ಇವತ್ತು ನಸುಕಿನಲ್ಲಿ ನಾನೇ ಕಟ್ಟಿದ್ದು. ಮೊದಲೇ ಹೇಳಬೇಕಿತ್ತು, ಬಾಯಿ ಬರಲಿಲ್ಲ.

"ಸುತ್ತಿ ಹೋದ್ರೆ ಹೆಜ್ಜೆ ಸಾಲೂದಿಲ್ಲ ಅಕ್ಕಾ," ಎಂದು ಕೂಗಿದೆ.

ಅವಳು ಹಗ್ಗ ದಾಟಲಿಲ್ಲ. ಬಲೆಗೆ ಆಮೆ ಬಿದ್ದರೆ ಕುಂಕುಮವಿಟ್ಟು ಕಡಲಿಗೆ ಬಿಡುವ ಮನೆಯವಳು. ಅಲ್ಲೇ ಕೂತು, ಹಗ್ಗದ ಕೆಳಗೆ ಕೈ ಚಾಚಿ ಮರಳಿಗೆ ಬೂದಿ ಸುರಿದು ವಾಪಸು ಬಂದಳು.

"ಮರಿಗಳು ಕಾಲಿಗೆ ಮೆತ್ತಿಕೊಂಡು ಇವರನ್ನೂ ನೀರಿಗೆ ಕರ್ಕೊಂಡು ಹೋಗ್ತಾವೆ ತಮಾ. ಅವುಗಳ ಹೆಜ್ಜೆಗೆ ಲೆಕ್ಕ ಇಲ್ವಲ್ಲ. ಮೊಟ್ಟೆ ಒಡೆಯೋಕೆ ಎಷ್ಟು ದಿನ ಬೇಕು?"

"ಐವತ್ತು," ಎಂದೆ.

ಈಚಿನ ಬಿಸಿಲಿಗೆ ಮರಳು ಕಾದು ಮೊಟ್ಟೆಗಳು ಒಳಗೇ ಬೆಂದುಹೋಗುತ್ತವೆ. ಈ ದಂಡೆಯಲ್ಲಿ ಮರಿ ಕಂಡು ಆರು ವರ್ಷವಾಯಿತು. ಅದನ್ನು ಹೇಳಲೂ ನನಗೆ ಬಾಯಿ ಬರಲಿಲ್ಲ.