ರೇಷ್ಮೆಹುಳದ ಬಲೆ

“ಎಂಟ್ನೇ ಕ್ಲಾಸಿಗೇ ಸ್ಕೂಲ್ ಬುಟ್ಟೋನು, ಹುಣಸೆ ಎಲೆ ತಡೆಯಕ್ಕೆ ರೇಷ್ಮೆಹುಳದ ಬಲೆ ಕಟ್ಟವ್ನೆ ನೋಡ್ರಪ್ಪಾ!” ಅಪ್ಪ ಗವಿಸಿದ್ದಯ್ಯ ಹೀಗಂದಾಗ ಜಗಲಿಯಲ್ಲಿ ಕೂತವರೆಲ್ಲ ನಕ್ಕರು. ಏಣಿಯ ಮೇಲಿದ್ದ ರುದ್ರನ ಮೈ ಉರಿಯಿತು. ಆದರೆ ಮಾತು ಸುಳ್ಳಲ್ಲ. ಹುಳ ತೂರುವ ಬಲೆಕಣ್ಣಿನಲ್ಲಿ ಹುಣಸೆ ಎಲೆಯೂ ತೂರಿ, ಮಳೆನೀರು ಡ್ರಮ್ಮಿಗೆ ಹರಿಯಲೆಂದು ಅವನು ಪೈಪು ಸೀಳಿ ಸೂರಿಗೆ ಕಟ್ಟಿದ್ದ ದೋಣಿಯೊಳಗೆ ಬೀಳುತ್ತಿತ್ತು.

ಹಲ್ಲು ಕಚ್ಚಿಕೊಂಡು ಬಲೆಯನ್ನು ಎರಡು ಮಡಿಕೆ ಮಾಡಿ, ಇಳಿಜಾರಾಗಿ ಬಿಗಿದು, ಸೂರಿನ ಶೀಟಿನ ಮೇಲೆ ಒಂದು ಬಕೆಟ್ ನೀರು ಸುರಿದ. ಎಲೆಯೆಲ್ಲ ಜಾರಿ ಅಂಗಳಕ್ಕೆ ಬಿತ್ತು. ಡ್ರಮ್ಮಿಗೆ ಬರಿಯ ನೀರು ಇಳಿಯಿತು.

ಜಗಲಿಯ ನಗು ನಿಂತಿತು. “ನನ್ ಮಗ ಕಣ್ರಯ್ಯ! ಮಡಿಸಿ ಕಟ್ಟೋ ಐಡಿಯಾ ನಾನೇ ಹೇಳ್ಕೊಟ್ಟಿದ್ದು,” ಎಂದ ಗವಿಸಿದ್ದಯ್ಯ. “ಅಲ್ವೇನ್ಲಾ?”

ಸುಳ್ಳು ಅನ್ನಲು ರುದ್ರ ಬಾಯಿ ತೆರೆದ. ಆದರೆ ನಾಲ್ಕು ಜನರ ಮುಂದೆ ಅಪ್ಪ ‘ನನ್ ಮಗ’ ಅಂದದ್ದು ಇದೇ ಮೊದಲು. ಅವನು ಕೆಳಗಿಳಿದು, ಏಣಿಯನ್ನು ಹೆಗಲಿಗೇರಿಸಿ ನಡೆದ.